ಗಾಳಗಾರರ ಲೆಕ್ಕದ ಪುಸ್ತಕ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದದ ಪ್ರಕರಣವೊಂದುಂಟು. ಗಾಳದ ಕೋಲು ಎಂಥದಿರಬೇಕು, ದಾರವನ್ನು ಯಾವುದರಿಂದ ಹೊಸೆಯಬೇಕು, ಯಾವ ಮೀನಿಗೆ ಯಾವ ಎರೆ ಎಂಬುದನ್ನು ಅರಸನು ಶ್ರದ್ಧೆಯಿಂದ ನಿರೂಪಿಸಿದ್ದಾನೆ. ಅರಸರ ಆ ವಿನೋದವು ಈಚಿನವರ ಕೈಯಲ್ಲಿ ಹೇಗೆ ಲೆಕ್ಕದ ಕೆಲಸವೂ ಆಯಿತೆಂಬುದನ್ನು ತಿಳಿಯಬೇಕಾದರೆ ಕಾವೇರಿಯ ದಂಡೆಗೆ ಹೋಗಬೇಕು.

ಅರ್ಕಾವತಿಯ ಸಂಗಮಕ್ಕೆ ಸಮೀಪದ ಗಾಲಿಬೋರೆಯಲ್ಲಿ, ಒಂದು ಸಂಜೆ, ಇಬ್ಬರು ವೃದ್ಧರು ಬಂಡೆಯ ಮೇಲೆ ಕುಳಿತು ಮಾತನಾಡುತ್ತಿದ್ದರು. ಒಬ್ಬರು ಬೆಂಗಳೂರಿನವರು, ನಾಲ್ವತ್ತು ವರ್ಷ ಗಾಳ ಹಾಕಿದವರು. ಇನ್ನೊಬ್ಬನು ಅವರಿಗೆ ಹರಿಗೋಲು ನಡೆಸಿದವನು.

ಎರೆಯ ವಿಷಯದಲ್ಲಿ ಹರಿಗೋಲಿನವನ ಮಾತೇ ಪ್ರಮಾಣ. ರಾಗಿಯ ಹಿಟ್ಟನ್ನು ಗಟ್ಟಿಯಾಗಿ ನಾದಿ, ಬೇಯಿಸಿ, ನಿಂಬೆಯ ಹಣ್ಣಿನಷ್ಟು ಉಂಡೆ ಮಾಡಿ ಗಾಳಕ್ಕೆ ಮೆತ್ತಬೇಕು. ಮಹಶೀರ್ ಮೀನಿನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಏಡಿಯ ಚಿಪ್ಪನ್ನೂ ಅದು ಅಲ್ಲಿಯೇ ನುಗ್ಗುಮಾಡುತ್ತದೆ. ಗಾಳಕ್ಕೆ ಬಿದ್ದಿತೆಂದರೆ ಸೆಳವಿಗೆ ಓಡುತ್ತದೆ. ದಾರವು ಬಂಡೆಗೆ ಉಜ್ಜಿ ಹರಿಯುವ ಮೊದಲು ಹರಿಗೋಲಿನಲ್ಲಿ ಅಟ್ಟಿಕೊಂಡು ಹೋಗಬೇಕು. ಹಿಡಿದ ಮೇಲೆ ಜೋಳಿಗೆಯಲ್ಲಿ ತೂಗಿ, ಸೋತ ಮೀನಿನ ತಲೆಯನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲವನ್ನು ಬೀಸುವವರೆಗೆ ಕಾದು ಬಿಟ್ಟುಬಿಡಬೇಕು. ತಿನ್ನುವುದಕ್ಕಲ್ಲವಾದರೆ ಪ್ರಾಣಿಯನ್ನು ದಣಿಸುವುದೇಕೆ ಎಂದು ಕೇಳುವವರ ಪ್ರಶ್ನೆ ನ್ಯಾಯವಾದುದೇ.

“ಮೊದಲು ನಾವೂ ತೋಟೆ ಸಿಡಿಸಿದವರೇ, ಸ್ವಾಮಿ,” ಎಂದನು ಹರಿಗೋಲಿನವನು. “ದೊಡ್ಡದಕ್ಕೆಂದು ಹಾಕಿದರೆ ಮರಿಗಳೆಲ್ಲ ತೇಲುತ್ತಿದ್ದವು. ನೀವು ಕೂಲಿ ಕೊಟ್ಟು ಕಾಯಲಿಕ್ಕೆ ಹಚ್ಚಿದಿರಿ, ಬಿಟ್ಟೆವು.”

ಕಾದದ್ದಷ್ಟೇ ಅಲ್ಲ, ಬರೆದಿಟ್ಟರು. ಎಷ್ಟು ಹೊತ್ತು ಗಾಳ ಹಾಕಿದರು, ಸಿಕ್ಕ ಮೀನು ಯಾವ ಜಾತಿಯದು, ತೂಕವೆಷ್ಟು ಎಂಬುದೆಲ್ಲ ಪುಸ್ತಕಕ್ಕೆ ಏರಿತು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹೀಗೆ ಬರೆದುದನ್ನು ವಿದ್ವಾಂಸರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಮೀನುಗಳ ಸಂಖ್ಯೆ ಹೆಚ್ಚಿತ್ತು. ಆದರೆ ಹೆಚ್ಚಿದುದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ, ಕಿತ್ತಳೆ ಬಣ್ಣದ ರೆಕ್ಕೆಯ ಗೂನುಬೆನ್ನಿನ ಮಹಶೀರ್ ಪುಟದಿಂದ ಪುಟಕ್ಕೆ ಕಡಮೆಯಾಗುತ್ತ ಬಂದಿತ್ತು. ನೀಲಿ ರೆಕ್ಕೆಯದು ಕೃಷ್ಣಾ ನದಿಯ ಸೀಮೆಯದು. ಲೋಣಾವಳೆಯಲ್ಲಿ ಮರಿಮಾಡಿಸಿ, 1970ರ ದಶಕದಿಂದೀಚೆಗೆ ಅದನ್ನು ಕಾವೇರಿಗೆ ತಂದು ಬಿಟ್ಟವರು ಮೀನಿನ ಹಿತವನ್ನು ಬಯಸಿದವರೇ.

“ಆ ಮರಿಗಳನ್ನು ನಾನೂ ಈ ಕೈಯಿಂದಲೇ ಸುರಿದೆನಲ್ಲಾ,” ಎಂದರು ಬೆಂಗಳೂರಿನವರು. “ಪುಣ್ಯವೆಂದುಕೊಂಡಿದ್ದೆ.”

ಗೂನುಬೆನ್ನಿನ ಮೀನಿಗೆ ಶಾಸ್ತ್ರಸಮ್ಮತವಾದ ಹೆಸರೂ ಇರಲಿಲ್ಲ. ಕೇರಳದ ಪಾಂಬಾರಿನಲ್ಲಿ ದೊರೆತು 2007ರಲ್ಲಿ ಟಾರ್ ರೆಮಾದೇವಿ ಎಂಬ ಹೆಸರು ಪಡೆದ ಮೀನೇ ಇದೆಂದು 2018ರಲ್ಲಿ ನಿಶ್ಚಯವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿಗೆ ಬಂದ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೂ ಸೇರಿತು. ಹುಟ್ಟಿದ ಹನ್ನೊಂದನೆಯ ದಿನ ನಡೆಯಬೇಕಾದ ನಾಮಕರಣವು ಮರಣಶಯ್ಯೆಯಲ್ಲಿ ನಡೆದಂತಾಯಿತು.

ಈ ನಡುವೆ ಗಾಳವೂ ನಿಂತಿತ್ತು. 1987ರಲ್ಲಿ ಈ ಪ್ರದೇಶವು ವನ್ಯಜೀವಿಧಾಮವಾಗಿತ್ತು; 1972ರ ಕಾಯಿದೆಯು ಪ್ರಾಣಿಯನ್ನು ಹಿಡಿಯುವುದನ್ನೂ ಬೇಟೆಯೆಂದೇ ಎಣಿಸುತ್ತದೆ.

“ಕೋಲು ಹೋಯಿತು, ಕಾವಲೂ ಹೋಯಿತು,” ಎಂದನು ಹರಿಗೋಲಿನವನು. “ರಾತ್ರಿ ತೋಟೆಯ ಸದ್ದು ಮತ್ತೆ ಕೇಳಿದೆ, ಸ್ವಾಮಿ. ಅವರು ಯಾವ ಪುಸ್ತಕದಲ್ಲಿ ಬರೆಯುತ್ತಾರೆ?”

“ಕಾಯಿದೆಯನ್ನು ದೂರಲಾರೆನಪ್ಪಾ. ನಾವು ಬಿಟ್ಟ ಮರಿಗಳನ್ನು ಯಾವ ಕಾಯಿದೆ ಹಿಂದಕ್ಕೆ ಕರೆದೀತು?”

ಹರಿಗೋಲಿನವನು ಬಹಳ ಹೊತ್ತು ಸುಮ್ಮನಿದ್ದನು. ಬಳಿಕ, ಗೂನುಬೆನ್ನಿನದು ಎಲ್ಲಿಯೂ ಉಳಿದಿಲ್ಲವೇ ಎಂದು ಕೇಳಿದನು. ಭವಾನಿಯನ್ನು ಸೇರುವ ಮೋಯಾರ್ ನದಿಯಲ್ಲಿ ಇನ್ನೂ ಕೆಲವಿವೆಯೆಂದು ಬಲ್ಲವರು ಹೇಳುತ್ತಾರೆ, ಎಂದರು ಬೆಂಗಳೂರಿನವರು.

“ಭವಾನಿ ಕಾವೇರಿಗೇ ತಾನೇ ಬರುವುದು?” ಎಂದು ಅವನು ಹೊಳೆಯ ಕಡೆ ನೋಡಿದನು. “ಅಲ್ಲಿ ಲೆಕ್ಕ ಬರೆಯುವವರು ಯಾರಾದರೂ ಇದ್ದಾರೆಯೇ, ಸ್ವಾಮಿ?”