ಕಾಲು ಮುಂದೆ, ಮುಖ ಮೇಲೆ

ನಾನಾಗ ಏಳನೇ ತರಗತಿ. ನಂದಿಕೂರಿನ ನಮ್ಮ ಮನೆಯಿಂದ ಶಾಲೆಗೆ ಹೋಗಲು ತೋಡು ದಾಟಬೇಕಿತ್ತು. ಆಟಿ ತಿಂಗಳ ಒಂದು ಬೆಳಿಗ್ಗೆ ಅಡಿಕೆ ಮರದ ಕಾಲುಸಂಕದಿಂದ ಜಾರಿ ಕೆಂಪು ನೀರಿಗೆ ಬಿದ್ದೆ. ಸೊಂಟದ ಮಟ್ಟದ ನೀರಷ್ಟೇ ಎಂದು ಎದ್ದು ನಿಲ್ಲಲು ಹೋದೆ. ಅದೇ ತಪ್ಪಾಯಿತು. ಕಾಲು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು; ಹಿಂದಿನಿಂದ ಬಂದ ನೀರು ನನ್ನನ್ನು ಕವುಚಿ ಹಾಕಿತು. ಗದ್ದೆಯಲ್ಲಿದ್ದ ಹೆಂಗಸೊಬ್ಬರು ಓಡಿ ಬಂದು ಎಳೆಯದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಅಂದಿನಿಂದ ನಾನು ಹೊಳೆಗೆ ಇಳಿದವನಲ್ಲ.

ಕಳೆದ ಮಳೆಗಾಲದಲ್ಲಿ ಪಿಯುಸಿ ಓದುವ ಮೊಮ್ಮಗಳು, “ಅಜ್ಜ, ಸೀತಾನದಿಯಲ್ಲಿ ರ‍್ಯಾಫ್ಟಿಂಗ್ ಮಾಡಬೇಕು, ನೀವೂ ಬನ್ನಿ” ಎಂದಳು. ಅವಳ ಅಪ್ಪ-ಅಮ್ಮ ಒಪ್ಪಿದ್ದರು. ನನಗೆ ನಿದ್ದೆ ಹತ್ತಲಿಲ್ಲ.

ಕಾರ್ಕಳ ದಾಟಿ ಹೆಬ್ರಿಗೆ ಹೋದೆವು. ಆಗುಂಬೆ ಕಡೆಯ ಘಟ್ಟದಿಂದ ಇಳಿಯುವ ಸೀತೆ ಅಲ್ಲಿ ಬಂಡೆಗಳ ಮೇಲೆ ನೊರೆಯಾಗಿ ಹಾರುತ್ತಿದ್ದಳು. ದಾಂಡೇಲಿ ಕಡೆಯ ಕಾಳಿ ನದಿಗೆ ಸೂಪಾ ಅಣೆಕಟ್ಟಿನಿಂದ ನೀರು ಬಿಡುತ್ತಾರೆ. ಅಲ್ಲಿ ಬೇಸಿಗೆಯಲ್ಲೂ ರ‍್ಯಾಫ್ಟಿಂಗ್ ಉಂಟು. ಸೀತೆಗೆ ಮಳೆಯೇ ಆಧಾರ. ನೀರಿನ ರಭಸವನ್ನು 1ರಿಂದ 6ರವರೆಗೆ ದರ್ಜೆ ಮಾಡುತ್ತಾರೆ, 6 ಎಂದರೆ ಜೀವಕ್ಕೇ ಅಪಾಯ ಎಂದು ಗೈಡ್ ವಿವರಿಸಿದ. ನನ್ನ ವಯಸ್ಸು ಕೇಳಿ, “ನೀವು ದಡದಲ್ಲೇ ಇರಿ ಅಜ್ಜ” ಎಂದ. ಬ್ಯಾಂಕಿನಲ್ಲಿ ಜೀವಮಾನವಿಡೀ ಬೇರೆಯವರ ಸಹಿ ತಾಳೆ ನೋಡಿದವನು ನಾನು. ಒಪ್ಪಿಗೆ ಪತ್ರದಲ್ಲಿ ನನ್ನ ಸಹಿಯೇ ವಕ್ರವಾಯಿತು.

ಹೊರಡುವ ಮೊದಲು ಗೈಡ್ ಮಕ್ಕಳಿಂದ ಒಂದೇ ಪಾಠವನ್ನು ಮತ್ತೆ ಮತ್ತೆ ಹೇಳಿಸಿದ: “ಬಿದ್ದರೆ ಎದ್ದು ನಿಲ್ಲಬಾರದು. ಅಂಗಾತ ತೇಲಬೇಕು. ಕಾಲು ಮುಂದೆ, ಮುಖ ಮೇಲೆ.” ಅರುವತ್ತು ವರ್ಷ ತಡವಾಗಿ ನನಗೂ ಆ ಪಾಠ ಸಿಕ್ಕಿತು.

ಕೆಳಗಿನ ತಿರುವಿನಲ್ಲಿ ಕೊಡೆ ಹಿಡಿದು ಕಾದೆ. ರಬ್ಬರ್ ದೋಣಿ ಬಂತು, ಬಂಡೆಗೆ ತಾಗಿ ಓರೆಯಾಯಿತು. ಕೆಂಪು ಹೆಲ್ಮೆಟ್ ಒಂದು ನೀರಿಗೆ ಬಿತ್ತು. ನನ್ನ ಮೊಮ್ಮಗಳು! ಕೊಡೆ ಎಲ್ಲಿ ಹಾರಿತೋ ಗೊತ್ತಾಗಲಿಲ್ಲ. ಮರುಕ್ಷಣ ನೊರೆಯ ಮೇಲೆ ಅವಳ ಎರಡು ಪಾದಗಳು ಕಂಡವು. ಅಂಗಾತ ಮಲಗಿ, ಕಾಲು ಮುಂದೆ ಮಾಡಿ ತೇಲಿ ಬಂದಳು. ಗೈಡ್ ಎಸೆದ ಹಗ್ಗ ಹಿಡಿದಳು.

ದಡಕ್ಕೆ ಬಂದವಳು, “ಹೆದರಿದಿರಾ ಅಜ್ಜ?” ಎಂದು ನಕ್ಕಳು. ತೋಡಿಗೆ ಬಿದ್ದ ಕತೆಯನ್ನು ಅವಳಿಗೆ ಆಗಲೇ ಮೊದಲ ಸಲ ಹೇಳಿದ್ದು. ಅವಳು ನಗು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು.

ಮಕ್ಕಳೇ, ಗೈಡ್, ಜಾಕೆಟ್, ಹೆಲ್ಮೆಟ್ ಇಲ್ಲದೆ ಮಳೆಗಾಲದ ಹೊಳೆಗೆ ಇಳಿಯಬೇಡಿ. ಅಜ್ಜ-ಅಜ್ಜಿಯರೇ, ನಿಮ್ಮ ಹೆದರಿಕೆಯನ್ನು ಮೊಮ್ಮಕ್ಕಳಿಗೆ ದಾಟಿಸಬೇಡಿ. ಅದರ ಹಿಂದಿನ ಕತೆಯನ್ನು ಹೇಳಿ.