ಯಾರೂ ಹಚ್ಚದ ಬೆಂಕಿ

ಬೆಳಗ್ಗೆ ಹಾಲು ತರಲು ಹೊರಟರೆ ಖಾಲಿ ಸೈಟಿನಲ್ಲಿ ಕಸದ ರಾಶಿ ಉರಿಯುತ್ತಿತ್ತು. ಜಿಗಣಿಯಲ್ಲಿ ಇದು ಸುದ್ದಿಯಲ್ಲ. ಗ್ರಾನೈಟ್ ಕಾರ್ಖಾನೆಗಳ ದೂಳಿಗೆ ಒಗ್ಗಿಹೋದ ಮೂಗು ಹೊಗೆಗೂ ಒಂದಿಷ್ಟು ಜಾಗ ಬಿಟ್ಟುಕೊಡುತ್ತದೆ. ಆದರೆ ರಾಶಿಯ ನೆತ್ತಿಯ ಮೇಲೆ ಯಾವುದೋ ಟ್ಯೂಷನ್ ಸೆಂಟರಿನವರು ಫ್ಲೆಕ್ಸ್ ಕಟ್ಟಿದ್ದರು. ಕೆಂಪಕ್ಷರದಲ್ಲಿ ‘ಇಗ್ನೈಟ್ ಯುವರ್ ಚೈಲ್ಡ್ಸ್’ ಎಂದಿತ್ತು. ಮುಂದಿನ ‘ಮೈಂಡ್’ ಅನ್ನು ಕೆಳಗಿನ ಜ್ವಾಲೆ ಆಗಲೇ ತಿಂದು ಮುಗಿಸಿತ್ತು.

ನಕ್ಕೆ. ಆಮೇಲೆ ಕೆಮ್ಮಿದೆ. ಕೆಮ್ಮಿದ ಮೇಲೆ ನಗು ಹೋಗಿ ಸಿಟ್ಟು ಬಂತು. ಪಕ್ಕದ ಟೀ ಅಂಗಡಿಯವನನ್ನು ಕೇಳಿದೆ: “ಯಾರಪ್ಪಾ ಇದಕ್ಕೆ ಹಚ್ಚಿದ್ದು?”

“ಯಾರ್ ಹಚ್ತಾರೆ ಸಾರ್, ಅದಾಗದೇ ಹತ್ಕೊಂಡೈತೆ.”

ಕಸ ಸುಡುವುದು ತಪ್ಪು, ಪ್ಲಾಸ್ಟಿಕ್ ಹೊಗೆ ವಿಷ, ಇವೆಲ್ಲ ನಿಮಗೂ ಗೊತ್ತು, ಟೀ ಅಂಗಡಿಯವನಿಗೂ ಗೊತ್ತು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿದೆ. ಆ ಪ್ರಕರಣ ಹೂಡಿದ ಅಲ್ಮಿತ್ರಾ ಪಟೇಲ್ ನಮ್ಮ ಬೆಂಗಳೂರಿನವರೇ. ಆದರೆ ದಂಡ ಕಟ್ಟಬೇಕಾದವನು ‘ಹಚ್ಚಿದವನು’. ಅವನು ಈ ಭೂಮಿಯ ಮೇಲೆ ಹುಟ್ಟೇ ಇಲ್ಲವಲ್ಲ! ಇರುವುದು ಹತ್ತಿಕೊಂಡ ಬೆಂಕಿ ಮಾತ್ರ.

ಇಂಗ್ಲಿಷಿನವರಿಗೆ ಈ ಸುಖವಿಲ್ಲ. ಅವರಲ್ಲಿ ಸಿಟ್ಟು ಬರಿಸುವ ಪದಗಳ ಸಂಸಾರವೇ ಇದೆ, ಅರ್ಧಕ್ಕರ್ಧ ಅಡುಗೆಮನೆಯಿಂದ ಬೆಂಕಿ ಕದ್ದವು. ಇನ್‌ಫ್ಲೇಮ್ ಎಂದರೆ ಜ್ವಾಲೆ ಎಬ್ಬಿಸುವುದು. ಇನ್ಸೆನ್ಸ್ ಇನ್ನೂ ಮಜಾ: ಮೊದಲ ಅಕ್ಷರ ಒತ್ತಿ ಹೇಳಿದರೆ ದೇವರ ಮುಂದಿನ ಊದುಬತ್ತಿ, ಎರಡನೆಯದನ್ನು ಒತ್ತಿದರೆ ಎದುರಿನವನ ಪಿತ್ತ ಕೆರಳಿಸುವುದು. ಎರಡೂ ಹುಟ್ಟಿದ್ದು ಸುಡು ಎಂಬ ಒಂದೇ ಲ್ಯಾಟಿನ್ ಮಾತಿನಿಂದ. ಮೈಸೂರು ಅಗರಬತ್ತಿಗೆ ಭೌಗೋಳಿಕ ಮಾನ್ಯತೆ ಪಡೆದುಕೊಂಡ ನಾವು ಈ ಎರಡನೆಯ ಬಳಕೆಗೂ ಒಂದು ಅರ್ಜಿ ಹಾಕಬಹುದಿತ್ತು. ಕಿಂಡಲ್ ಎಂಬ ಪಾಪದ ಪದ ಒಲೆ ಬಿಟ್ಟು ಪುಸ್ತಕ ಓದುವ ಯಂತ್ರವಾಯಿತು. ಇಗ್ನೈಟ್ ಅನ್ನು ಫ್ಲೆಕ್ಸಿನ ತನಕ ಹೊತ್ತು ತಂದದ್ದರಲ್ಲಿ 2002ರಲ್ಲಿ ಬಂದ ಅಬ್ದುಲ್ ಕಲಾಂ ಅವರ ‘ಇಗ್ನೈಟೆಡ್ ಮೈಂಡ್ಸ್’ ಪಾಲೂ ಇದ್ದೀತು; ಅವರ ಉದ್ದೇಶ ಒಳ್ಳೆಯದೇ, ಫ್ಲೆಕ್ಸ್ ಬರೆಸುವವರನ್ನು ಅವರೇನು ಮಾಡಿಯಾರು.

ನನ್ನ ಮಾತು ಇಷ್ಟೆ. ಇಂಗ್ಲಿಷಿನ ಈ ಸಂಸಾರದಲ್ಲಿ ಕಡ್ಡಿ ಗೀರಿದವನೊಬ್ಬ ಕೈ ಸುಟ್ಟುಕೊಂಡು ನಿಂತಿರುತ್ತಾನೆ. ನಮಗೆ ಹಾಗಲ್ಲ, ಸಿಟ್ಟು ಬಿಎಂಟಿಸಿ ಬಸ್ಸಿನ ಹಾಗೆ ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಹೊಟ್ಟೆ ಉರಿಯುತ್ತದೆ, ಯಾರೂ ಉರಿಸುವುದಿಲ್ಲ. ಪತ್ರಿಕೆ ತೆರೆದರೆ ‘ಆಕ್ರೋಶ ಭುಗಿಲೆದ್ದಿದೆ’, ‘ವಿವಾದದ ಕಿಡಿ ಹೊತ್ತಿಕೊಂಡಿದೆ’. ಎಬ್ಬಿಸಿದವನು, ಹೊತ್ತಿಸಿದವನು ಸುದ್ದಿಯ ಐದನೆಯ ಪ್ಯಾರಾದಲ್ಲೂ ಸಿಗುವುದಿಲ್ಲ. ಕೆಣಕು, ಕೆರಳಿಸು, ರೇಗಿಸು ಇಲ್ಲವೇ ಎಂದು ನೀವು ಕೇಳುತ್ತೀರಿ. ಇವೆ, ಬೇಕಾದಷ್ಟಿವೆ. ಅವನ್ನು ಬೇರೆಯವರ ಮೇಲಿನ ದೂರಿಗೆಂದು ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ‘ನಾನೇ ಅವನನ್ನು ಕೆರಳಿಸಿದೆ’ ಎಂದು ಎದೆ ತಟ್ಟಿ ಹೇಳಿದವನನ್ನು ತೋರಿಸಿ.

ಹೀಗೆಂದುಕೊಳ್ಳುತ್ತಿರುವಾಗಲೇ ರನ್ನನ ಭೀಮ ನೆನಪಾಗಿ ನನ್ನ ವಾದವನ್ನು ಕೆಡಿಸಿದ. ‘ಗದಾಯುದ್ಧ’ದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತಿದ್ದಾನೆ. ದಡದಲ್ಲಿ ನಿಂತ ಭೀಮನ ಆಯುಧ ಗದೆಯಲ್ಲ, ಗಂಟಲು. ಗರ್ಜಿಸುತ್ತಾನೆ, ಮೂದಲಿಸುತ್ತಾನೆ. ಆ ದನಿಗೆ ಕೌರವ ತಣ್ಣನೆಯ ನೀರಿನಲ್ಲಿ ಮುಳುಗಿದ್ದರೂ ಬೆವರುತ್ತಾನೆ. ಸಾವಿರ ವರ್ಷದ ಹಿಂದೆ ಮುಧೋಳದ ಕವಿ ಕಂಡ ಈ ಬೆವರಿಗೆ ಸಮನಾದದ್ದನ್ನು ನಾನು ಯಾವ ಭಾಷೆಯಲ್ಲೂ ಓದಿಲ್ಲ (ನನಗೆ ಬರುವುದು ಎರಡೂವರೆ ಭಾಷೆ, ಅದು ಬೇರೆ ಮಾತು). ಪ್ರೊವೋಕ್ ಎಂಬ ಪದದ ಲ್ಯಾಟಿನ್ ಬೇರಿನಲ್ಲಿ ಬೆಂಕಿಯ ಸುಳಿವೇ ಇಲ್ಲ, ಹೊರಕ್ಕೆ ಕೂಗಿ ಕರೆಯುವುದು ಎಂದಷ್ಟೇ. ಭೀಮ ಮಾಡಿದ್ದು ಅಕ್ಷರಶಃ ಅದು. ಮಾಡಿ, ನಾನಲ್ಲ ಎನ್ನಲಿಲ್ಲ.

ನೀರಿನಲ್ಲಿ ಬೆವರಿದವನನ್ನು ರನ್ನ ತೋರಿಸಿದ. ನೀರೇ ಉರಿಯುವುದನ್ನು ತೋರಿಸಲು ಬೆಳ್ಳಂದೂರು ಕೆರೆ ಬೇಕಾಯಿತು. ಜಿಗಣಿಯಿಂದ ಅದೇನು ಬಹಳ ದೂರವಲ್ಲ. 2015ರ ಮೇನಲ್ಲಿ ನೊರೆ ಉರಿಯಿತು, 2017ರ ಫೆಬ್ರುವರಿಯಲ್ಲಿ ಕೆರೆ ಮತ್ತೆ ಹೊತ್ತಿಕೊಂಡಿತು, 2018ರ ಜನವರಿಯಲ್ಲಿ ಮತ್ತೊಮ್ಮೆ. ಆಗ ಸೈನಿಕರೂ ಇಳಿಯಬೇಕಾಯಿತು. ಊರಿನ ಸೋಪಿನ ನೀರು, ಚರಂಡಿ, ದಡದ ಒಣಹುಲ್ಲು, ಕಸ, ಕೊಳೆತು ಏಳುವ ಮೀಥೇನ್. ಇಷ್ಟೆಲ್ಲ ಕೂಡಿಟ್ಟವರು ನಾವು ಲಕ್ಷಾಂತರ ಮಂದಿ. ಕಡ್ಡಿ ಗೀರಿದವರು? ಹತ್ಕೊಂಡೈತೆ, ಸಾರ್.

ಈಚೆಗೆ ಹುಡುಗರು ಚೆನ್ನಾಗಿರುವುದಕ್ಕೆಲ್ಲ ‘ಬೆಂಕಿ ಗುರು’ ಎನ್ನುತ್ತಾರೆ. ಸಿಕ್ಸರ್ ಬೆಂಕಿ, ಬಿರಿಯಾನಿ ಬೆಂಕಿ. ನನ್ನ ಅಜ್ಜಿಯ ಕಾಲಕ್ಕೆ ಬೆಂಕಿ ಹೊಗಳಿಕೆಯಾಗಿರಲಿಲ್ಲ, ಆದರೆ ಅದನ್ನು ಆರಿಸುವ ಮಾತಿಗೆ ಬಹಳ ಮರ್ಯಾದೆ ಇತ್ತು. ಮನೆಯಲ್ಲಿ ಅಕ್ಕಿ ಮುಗಿಯುತ್ತಿರಲಿಲ್ಲ, ‘ಹೆಚ್ಚುತ್ತಿತ್ತು’. ದೀಪ ಆರಿಸು ಅನ್ನುವಂತಿಲ್ಲ, ‘ದೀಪ ದೊಡ್ಡದು ಮಾಡು’ ಅನ್ನಬೇಕು. ಒಮ್ಮೆ ರಜಕ್ಕೆ ಪಟ್ಟಣದಿಂದ ಬಂದಿದ್ದ ಅತ್ತೆಯ ಮಗನಿಗೆ ಮಲಗುವ ಹೊತ್ತಿನಲ್ಲಿ ಅಜ್ಜಿ ಹಾಗೇ ಹೇಳಿದಳು. ಅವನು ಒಳ್ಳೆಯ ಹುಡುಗ, ಹೇಳಿದ್ದನ್ನು ಹೇಳಿದಂತೆ ಕೇಳುವವನು. ಲಾಟೀನಿನ ಕಿವಿ ತಿರುವಿ ಬತ್ತಿಯನ್ನು ಎಷ್ಟು ಏರುತ್ತದೋ ಅಷ್ಟೂ ಏರಿಸಿದ. ಗಾಜು ಕಪ್ಪಾಯಿತು, ಮನೆಯೆಲ್ಲ ಸೀಮೆಎಣ್ಣೆಯ ಹೊಗೆ.

“ನಿನ್ನ ಮೂತಿಗಿಷ್ಟು ಬೆಂಕಿ ಹಾಕ,” ಎಂದಳು ಅಜ್ಜಿ, “ಸೀಮೆಣ್ಣೆ ಏನು ನಿಮ್ಮಪ್ಪ ತಂದ್ಕೊಡ್ತಾನಾ?”