ಗುರುತು ಸಿಗದ ಅಂಗಿ

ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಮನೆಯ ಹುಡುಗಿಯರ ಬಾಯಲ್ಲಿ ಈಗ ‘ಥ್ರಿಫ್ಟ್ ಸ್ಟೋರ್’ ಎಂಬ ಮಾತು ಓಡಾಡುತ್ತಿದೆ. ಬೇರೆಯವರು ತೊಟ್ಟು ಬಿಟ್ಟ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಬೆಲೆಚೀಟಿ ಕಟ್ಟಿ ಮಾರುವ ಅಂಗಡಿಯಂತೆ. ಅಲ್ಲಿ ಕೊಳ್ಳುವುದು ಅವರಿಗೆ ಹೆಮ್ಮೆಯ ಸಂಗತಿ. ರಜೆಗೆ ಬಂದಾಗ ಕಡೂರಿನಲ್ಲಿ ಅಂಥದ್ದು ಎಲ್ಲಿದೆ ಎಂದು ಕೇಳುತ್ತಾರೆ. ಹಾಗೆಂದು ಬೋರ್ಡು ಹಾಕಿಕೊಂಡ ಅಂಗಡಿಯನ್ನು ಕಡೂರಿನಲ್ಲಾಗಲಿ, ತರೀಕೆರೆ, ಅಜ್ಜಂಪುರಗಳಲ್ಲಾಗಲಿ ನಾವು ನೋಡಿಲ್ಲ. ಆದರೆ ಹಳೆ ಬಟ್ಟೆ ಕೈಯಿಂದ ಕೈಗೆ ಹೋಗದ ಕಾಲ ಈ ಊರುಗಳಲ್ಲಿ ಎಂದೂ ಇರಲಿಲ್ಲ.

ಅಣ್ಣನ ಅಂಗಿ ತಮ್ಮನಿಗೆ ಬರುವುದು, ಅಮ್ಮಿಯ ಸೀರೆ ಲಂಗವಾಗಿ, ದಿಂಬಿನ ಚೀಲವಾಗಿ, ಕೊನೆಗೆ ಕೌದಿಯ ಒಳಪದರವಾಗುವುದು ಮನೆಯೊಳಗಿನ ಮಾತು. ಮನೆಯಾಚೆ ಹೋಗುವ ಬಟ್ಟೆಗೆ ಮೊದಲ ದಾರಿ, ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಬೀದಿಯಲ್ಲಿ ಕೂಗುತ್ತ ಬರುವ ಹೆಂಗಸರು. ಎರಡು ಪ್ಯಾಂಟು, ಒಂದು ಸೀರೆಗೆ ಒಂದು ಡಬ್ಬಿ. ದೆಹಲಿಯ ರಘುಬೀರ್ ನಗರದಲ್ಲಿ ಗುಜರಾತ್ ಮೂಲದ ವಾಘ್ರಿ ಸಮುದಾಯದವರು ಹೀಗೆ ಪಾತ್ರೆಗೆ ಪಡೆದ ಬಟ್ಟೆಗಳಿಗಾಗಿಯೇ ಬೆಳಗಿನ ಜಾವ ದೊಡ್ಡ ಮಾರುಕಟ್ಟೆ ಕೂಡುತ್ತದೆ. ತೊಡಲು ಬರುವುದು ದುರಸ್ತಿಯಾಗಿ ಮತ್ತೆ ಸಂತೆಗೆ ಹೋಗುತ್ತದೆ, ಬಾರದ್ದು ಒರೆಸುವ ಚಿಂದಿಯಾಗುತ್ತದೆ. ಉಣ್ಣೆಯದಾದರೆ ಹರಿಯಾಣದ ಪಾಣಿಪತ್ತಿನಲ್ಲಿ ಅದನ್ನು ಹಿಂಜಿ, ಮರಳಿ ನೂಲಾಗಿಸಿ ಹೊದಿಕೆ ನೇಯುತ್ತಾರೆ. ವಿದೇಶದ ಹಳೆ ಕೋಟುಗಳೂ ಅಲ್ಲಿಗೆ ಬರುತ್ತವೆ. ತೊಡಲು ಯೋಗ್ಯವಾದ ಹಳೆ ಬಟ್ಟೆಯ ಆಮದಿಗೆ ನಮ್ಮ ದೇಶದಲ್ಲಿ ಪರವಾನಗಿ ಬೇಕಾದ್ದರಿಂದ, ಅವನ್ನು ಕತ್ತರಿಸಿ ಚಿಂದಿ ಮಾಡಿದ ಮೇಲೆಯೇ ಒಳಗೆ ಬಿಡಬೇಕು. ಚಳಿಗಾಲದಲ್ಲಿ ರಸ್ತೆಬದಿಯಲ್ಲಿ ನಾವು ಅಗ್ಗಕ್ಕೆ ಕೊಳ್ಳುವ ಹೊದಿಕೆಯಲ್ಲಿ ಯಾವ ದೇಶದ ಯಾರ ಕೋಟು ಇದೆಯೋ!

ಇನ್ನೊಂದು ದಾರಿ ಸಂತೆಯ ರಾಶಿ. ಟಾರ್ಪಾಲಿನ ಮೇಲೆ ಸುರಿದ ಅಂಗಿ, ಪ್ಯಾಂಟು, ಸ್ವೆಟರುಗಳಲ್ಲಿ ಒಳ್ಳೆಯದನ್ನು ಹೆಕ್ಕುವುದೂ ಒಂದು ವಿದ್ಯೆ. ಬೆಳಗ್ಗೆ ಬೇಗ ಹೋಗಬೇಕು, ಸಂಜೆ ಬಲ್ಬಿನ ಬೆಳಕಿನಲ್ಲಿ ಕೊಳ್ಳಲೇಬಾರದು. ಬಟ್ಟೆ ಮೊದಲು ಸವೆಯುವುದು ಕಂಕುಳಲ್ಲಿ, ಕಾಲರಿನ ಮಡಿಕೆಯಲ್ಲಿ, ತೊಡೆಸಂದಿನಲ್ಲಿ. ಬಿಸಿಲಿಗೆ ಹಿಡಿದರೆ ತೆಳುವಾದದ್ದು ಕಾಣುತ್ತದೆ. ಜಿಪ್ಪನ್ನು ಎರಡು ಸಲ ಎಳೆದು ನೋಡಿ. ಒಳಹೊಲಿಗೆಯಲ್ಲಿ ಬಟ್ಟೆ ಬಿಟ್ಟಿದ್ದರೆ ದರ್ಜಿ ಸಡಿಲ ಮಾಡಿಕೊಟ್ಟಾನು. ಗುಂಡಿ ಹೋಗಿದೆಯೆಂದು ಒಳ್ಳೆಯ ಅಂಗಿಯನ್ನು ಬಿಡಬೇಡಿ, ಅದನ್ನೇ ತೋರಿಸಿ ಐದು ರೂಪಾಯಿ ಇಳಿಸಬಹುದು. ಮನೆಗೆ ತಂದ ಮೇಲೆ ಬಿಸಿನೀರಿನಲ್ಲಿ ಒಗೆದು ಎರಡು ದಿನ ಬಿಸಿಲಿಗೆ ಹಾಕಿದರಾಯಿತು.

ನಮ್ಮ ಬೀದಿಯಲ್ಲಿ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬಳಿದ್ದಾಳೆ. ರಮಝಾನಿನಲ್ಲಿ ಉಳ್ಳವರು ಹಳೆ ಬಟ್ಟೆಯ ಗಂಟು ಹಂಚುವಾಗ ಅವಳು ಬರುವುದಿಲ್ಲ. ಮೂವತ್ತು ರೂಪಾಯಿ ಕೊಟ್ಟು ಸಂತೆಯ ರಾಶಿಯಲ್ಲೇ ಕೊಳ್ಳುತ್ತಾಳೆ. ಪುಕ್ಕಟೆ ಸಿಗುವುದನ್ನು ಬಿಟ್ಟು ಹೀಗೇಕೆ ಎಂದು ಕೇಳಿದೆವು.

“ಸಂತೆ ಅಂಗಿ ಮೇಲೆ ಯಾರ ಹೆಸರೂ ಇರಲ್ಲ ಆಪಾ” ಎಂದಳು.

ಹಿಂದೊಂದು ಈದ್‌ಗೆ ಅವಳ ಮಗಳು ಯಾರೋ ಕೊಟ್ಟ ಫ್ರಾಕು ತೊಟ್ಟು ಹೊರಟಿದ್ದಳಂತೆ. ಹತ್ತು ಮಕ್ಕಳ ನಡುವೆ ಇನ್ನೊಂದು ಹುಡುಗಿ “ಇದು ನಂದು, ಇಲ್ಲಿ ಸಾರಿನ ಕಲೆ ಇದೆ ನೋಡು” ಎಂದು ತೋರಿಸಿತು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಮಗು ಕಂಡದ್ದನ್ನು ಹೇಳಿತು. ಇವಳ ಮಗಳು ಮನೆಗೆ ಬಂದು ಫ್ರಾಕನ್ನು ಬಿಚ್ಚಿಟ್ಟವಳು ಮತ್ತೆ ತೊಡಲಿಲ್ಲ.

ಬೆಂಗಳೂರಿನಲ್ಲಿ ಹಳೆ ಬಟ್ಟೆ ಹೆಮ್ಮೆಯಾಗುವುದೂ ಇಲ್ಲಿ ಅವಮಾನವಾಗುವುದೂ ಇದೇ ಕಾರಣಕ್ಕೆ. ಲಕ್ಷಾಂತರ ಜನರ ನಡುವೆ ಅಂಗಿಯ ಹಳೆಯ ಒಡೆಯ ಎದುರಾಗುವುದಿಲ್ಲ. ನಮ್ಮಲ್ಲಿ ಯಾವ ಹೂವಿನ ಚೂಡಿದಾರ ಯಾರ ಮದುವೆಯಲ್ಲಿ ಕಂಡಿತೆಂದು ಬೀದಿಗೇ ಗೊತ್ತು. (ಕಪ್ಪು ಬುರ್ಖಾಕ್ಕೆ ಮಾತ್ರ ಈ ತಾಪತ್ರಯವಿಲ್ಲ.) ಕುರ್‌ಆನಿನ ಅಲ್ ಬಕರ ಅಧ್ಯಾಯದ 267ನೇ ವಚನ, ನಾವೇ ಆದರೆ ಕಣ್ಣು ಮುಚ್ಚಿಕೊಂಡು ಸ್ವೀಕರಿಸಬೇಕಾದಂಥ ಕೀಳು ವಸ್ತುವನ್ನು ದಾನಕ್ಕೆ ಆರಿಸಬಾರದೆನ್ನುತ್ತದೆ. ಹರಿದದ್ದನ್ನು ಗಂಟು ಕಟ್ಟುವವರಿಗೆ ಇದನ್ನು ನೆನಪಿಸುವವರಿದ್ದಾರೆ. ಅಲ್ಲಿಂದ ಆರು ವಚನ ಮುಂದೆ, ಕಾಡಿ ಬೇಡದ ಕಾರಣಕ್ಕೆ ಅರಿಯದವರ ಕಣ್ಣಿಗೆ ಉಳ್ಳವರಂತೆಯೇ ಕಾಣುವ ಬಡವರ ಮಾತು ಬರುತ್ತದೆ. ಅದನ್ನು ನೆನಪಿಸುವವರು ಕಡಿಮೆ.

ಇದೆಲ್ಲ ಮಾತಾಡಿಕೊಂಡು ನಾವು ನಾಲ್ಕೈದು ಮಂದಿ ಒಂದು ಏರ್ಪಾಡು ಮಾಡಿದೆವು. ಕಡೂರಿನ ಬಟ್ಟೆ ಅಜ್ಜಂಪುರಕ್ಕೆ, ಅಜ್ಜಂಪುರದ್ದು ತರೀಕೆರೆಗೆ, ತರೀಕೆರೆಯದು ಕಡೂರಿಗೆ. ಒಗೆದು, ಗುಂಡಿ ಹೊಲಿದು, ಹತ್ತರಿಂದ ಐವತ್ತು ರೂಪಾಯಿಯವರೆಗೆ ಬೆಲೆ. ಕಡೂರಿನಲ್ಲಿ ರೈಲು ಹತ್ತಿದರೆ ಬೀರೂರು ದಾಟಿ ಅಜ್ಜಂಪುರ. ಗಂಟಿಗೆ ಕಾಲಿಡಲು ಜಾಗ ಬಿಟ್ಟುಕೊಟ್ಟವರು ನಮ್ಮನ್ನು ಪಾತ್ರೆಯವರೆಂದೇ ತಿಳಿದರು. ದಾನಕ್ಕೆ ಬಂದದ್ದನ್ನು ಮಾರುವುದು ಸರಿಯೇ ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಮಾರುತ್ತೇವೆಂದು ಹೇಳಿಯೇ ಇಸಿದುಕೊಂಡದ್ದು, ಬಂದ ಹಣ ದಾರ, ಸೋಪು, ಟಿಕೇಟಿಗೆ ಹೋಗುತ್ತದೆ ಎಂದೆವು. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ಎರಡು ಜುಬ್ಬ ಕೊಟ್ಟರು.

ಅಜ್ಜಂಪುರದ ಜಗಲಿಯಲ್ಲಿ ಮೊದಲು ಖಾಲಿಯಾದದ್ದು ಗಂಡಸರ ತುಂಬುತೋಳಿನ ಅಂಗಿಗಳು. ಕೊಂಡವರೆಲ್ಲ ಹೆಂಗಸರು! ಈರುಳ್ಳಿ ಹೊಲದ ಬಿಸಿಲಿಗೆ ಸೀರೆಯ ಮೇಲೆ ತೊಡಲು ಅದೇ ಬೇಕು. ಎಲ್ಲ ಜಾತಿ, ಮತದವರೂ ಬಂದರು. ಇಪ್ಪತ್ತಕ್ಕೆ ಹನ್ನೆರಡು ಎಂದು ಜಗ್ಗಾಡಿದರು, ಬಣ್ಣ ಚೆನ್ನಾಗಿಲ್ಲವೆಂದು ಎಸೆದರು, ನಾಳೆ ಬಾ ಎಂದರು. ದಾನದ ಗಂಟಿನ ಮುಂದೆ ಹೀಗೆ ಮೂಗು ಮುರಿದವರನ್ನು ನಾವು ಕಂಡಿಲ್ಲ. ನೋಡಿ ಖುಷಿಯಾಯಿತು.

ರವಿಕೆಗಳು ಯಾರ ಅಳತೆಗೂ ಹೊಂದದೆ ಹಾಗೆಯೇ ಉಳಿದಿವೆ. ತರೀಕೆರೆಯ ಮನೆಯೊಂದರಿಂದ ಒಂದೇ ದಿನ ತೊಟ್ಟ ನಿಕಾಹಿನ ಕೆಂಪು ಘಾಗ್ರಾ ಬಂದಿದೆ. ಇಂಥದ್ದಕ್ಕಾಗಿ ಬಡ್ಡಿಗೆ ಸಾಲ ತಂದವರನ್ನು ನಾವು ಬಲ್ಲೆವು. ಅದಕ್ಕೆ ಬೆಲೆ ಎಷ್ಟಿಡಬೇಕೆಂದು ನಮ್ಮೊಳಗೇ ಇನ್ನೂ ತೀರ್ಮಾನವಾಗಿಲ್ಲ. ಮೊನ್ನೆ ಅಜ್ಜಂಪುರದಿಂದ ಯಾರೋ ಸೊಂಟದ ಅಳತೆ ಕೇಳಿ ಕಳಿಸಿದ್ದಾರೆ, ಹೆಸರು ಹೇಳಿಲ್ಲ. ನಾವೂ ಕೇಳಿಲ್ಲ.